ಕೆಂಪು ಕಲ್ಲಿನ ಕಪ್ಪು ಮಗ್ಗುಲು

ಉಪ್ಪಿನ ಬಯಲಿನ ಅಂಚಿಗೆ, ಸುತ್ತ ಗೋಡೆ ಕಟ್ಟಿಕೊಂಡು ಒಂದು ಪಟ್ಟಣ ಕೂತಿತ್ತು. ಅಲ್ಲಿ ಪ್ರತಿ ಮನೆಯ ಬಾಗಿಲ ನೆತ್ತಿಯಲ್ಲೂ ಒಂದು ಕೆಂಪು ಕಲ್ಲು. ಕೆಲವು ಕಡಲೆಕಾಳಿನಷ್ಟು, ಕೆಲವು ಹುಣಸೆಬೀಜದಷ್ಟು. ಅಂತೂ ಕಲ್ಲಿಲ್ಲದ ಬಾಗಿಲಿಲ್ಲ. ಬೆಳಿಗ್ಗೆ ಎದುರಾದವರು ಅಲ್ಲಿ ಕ್ಷೇಮವೇ ಎಂದು ಕೇಳುತ್ತಿರಲಿಲ್ಲ. "ಮಿನುಗಲಿ" ಎನ್ನುತ್ತಿದ್ದರು. "ನಿಮ್ಮದೂ ಮಿನುಗಲಿ" ಎಂದು ಉತ್ತರ ಬರುತ್ತಿತ್ತು. ಹೇಳುವಾಗ ಯಾರೂ ನಗುತ್ತಿರಲಿಲ್ಲ.

ಹಿಂದೆ ಯಾವಾಗಲೋ ಕುಲುಮೆಯವರು ಆ ಊರಿಗೆ ಬಂದಿದ್ದರಂತೆ. ಬೆಂಕಿಯಲ್ಲಿ ಬೇಯಿಸಿದ ಕಲ್ಲನ್ನು ಮಣ್ಣಿನಲ್ಲಿ ಹುಟ್ಟಿದ ಕಲ್ಲೆಂದು ಮಾರಿದರಂತೆ. ಅದನ್ನು ಇಟ್ಟುಕೊಂಡ ಮನೆಯಿಂದ ಬೇನೆಯೊಂದು ಎದ್ದು ಅರ್ಧ ಊರು ಮಲಗಿತಂತೆ. ಕಂಡವರು ಯಾರೂ ಉಳಿದಿರಲಿಲ್ಲ, ಆದರೆ ಭಯ ಉಳಿದಿತ್ತು. ಆ ಭಯದಿಂದ ಒಂದು ಕಟ್ಟಳೆ ಹುಟ್ಟಿತ್ತು. ಏಳು ವರ್ಷಕ್ಕೊಮ್ಮೆ ಪ್ರತಿ ಮನೆಯ ಕಲ್ಲೂ ಬೆಳಕಿನ ಮನೆಗೆ ಬರಬೇಕು. ಮಣ್ಣಿನ ಕಲ್ಲಾದರೆ ಮನೆ ಉಳಿಯುತ್ತದೆ. ಕುಲುಮೆಯ ಗಾಜಾದರೆ, ಇಲ್ಲವೇ ಎರಡು ಚೂರು ಸೇರಿಸಿ ಅಂಟಿಸಿದ ಜೋಡಿಕಲ್ಲಾದರೆ, ಆ ಮನೆಯವರು ಉಟ್ಟ ಬಟ್ಟೆಯಲ್ಲೇ ಪಡುವಣ ಹೆಬ್ಬಾಗಿಲು ದಾಟಿ ಬಯಲಿಗೆ ನಡೆಯಬೇಕು. ಹೆಬ್ಬಾಗಿಲ ನೆರಳು ಊರಬಾವಿಯ ಕಟ್ಟೆ ಮುಟ್ಟುವುದರೊಳಗೆ ನಡೆಯಬೇಕು. ಹಾಗೆ ನಡೆದವರು ಏನಾದರು ಎಂದು ಯಾರೂ ಕೇಳುತ್ತಿರಲಿಲ್ಲ.

ಬೆಳಕಿನ ಮನೆಗೆ ಕಿಟಕಿ ಇರಲಿಲ್ಲ. ಮಾಡಿನಲ್ಲಿ ಒಂದೇ ಒಂದು ತೂತು. ನಡುಹಗಲಲ್ಲಿ ಅದರಿಂದ ಬಿಸಿಲಿನ ಕೋಲೊಂದು ಇಳಿಯುತ್ತಿತ್ತು. ಕೆಳಗಿಟ್ಟ ಕಂಚಿನ ಕನ್ನಡಿ ಆ ಕೋಲನ್ನು ಹಿಡಿದು ಎದುರಿನ ಸುಣ್ಣದ ಗೋಡೆಗೆ ತಿರುಗಿಸುತ್ತಿತ್ತು. ನಡುವೆ ಎರಡು ಕಪ್ಪು ಹರಳಿನ ಬಿಲ್ಲೆಗಳು, ಒಂದರ ಮುಂದೆ ಒಂದು. ಒಂದೊಂದೇ ಆದರೆ ಬೆಳಕು ದಾಟುತ್ತಿತ್ತು. ಎರಡನ್ನೂ ಅಡ್ಡಡ್ಡ ನಿಲ್ಲಿಸಿದರೆ ಗೋಡೆ ಕತ್ತಲಾಗುತ್ತಿತ್ತು. ಆ ಎರಡರ ನಡುವೆ ಹಿತ್ತಾಳೆಯ ಇಕ್ಕುಳದಲ್ಲಿ ಕಲ್ಲು ಕಚ್ಚಿಸಿ ಮೆಲ್ಲಗೆ ಒಂದು ಸುತ್ತು ತಿರುಗಿಸಬೇಕು. ಮಣ್ಣಿನ ಕಲ್ಲು ಕತ್ತಲನ್ನು ಒಡೆಯುತ್ತದೆ. ಗೋಡೆಯ ಮೇಲೆ ಕೆಂಪು ಚುಕ್ಕೆ ಬರುತ್ತದೆ, ಹೋಗುತ್ತದೆ. ಒಂದು ಸುತ್ತಿಗೆ ನಾಲ್ಕು ಸಲ ಬರುತ್ತದೆ, ನಾಲ್ಕು ಸಲ ಹೋಗುತ್ತದೆ. ಪ್ರತಿ ಮಿನುಗಿಗೂ ಜಾಗಟೆಯವನು ಒಂದು ಏಟು ಹಾಕುತ್ತಿದ್ದ. ನಾಲ್ಕು ಏಟು ಕೇಳಿಸಿದರೆ ಹೊರಗೆ ನಿಂತವರು ಉಸಿರು ಬಿಡುತ್ತಿದ್ದರು. ಏಟೇ ಬೀಳದಿದ್ದರೆ ಊರಿಗೆ ಊರೇ ಆ ಸದ್ದಿಲ್ಲದಿರುವುದನ್ನು ಕೇಳಿಸಿಕೊಳ್ಳುತ್ತಿತ್ತು.

ಇಕ್ಕುಳ ತಿರುಗಿಸುವ ಕೈ ಒಬ್ಬ ಹೆಂಗಸಿನದು. ಅವಳನ್ನು ಊರು ನೋಡುವಾಕೆ ಎಂದು ಕರೆಯುತ್ತಿತ್ತು. ಹಿಂದಿನ ನೋಡುವವನ ಕಣ್ಣು ಬಿಸಿಲಿಗೆ ಸುಟ್ಟುಹೋದ ಮೇಲೆ, ಹತ್ತೊಂಬತ್ತು ವರ್ಷದಿಂದ ಆ ಕೆಲಸ ಅವಳದೇ. ಬಾವಿಗೆ ಹೋದರೆ ಹೆಂಗಸರು ಕೊಡ ಸರಿಸಿ ದಾರಿ ಬಿಡುತ್ತಿದ್ದರು. ನಾಮಕರಣಕ್ಕೆ ಕರೆಯುತ್ತಿದ್ದರು, ಆದರೆ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಅವಳಿಗೂ ಭಯವಿತ್ತು. ಏಳು ವರ್ಷಕ್ಕೊಮ್ಮೆ ತನ್ನ ಮನೆಯ ಕಲ್ಲನ್ನೂ ತನ್ನ ಕೈಯಾರೆ ತಿರುಗಿಸಬೇಕಿತ್ತು.

ಅವಳನ್ನು ಸಾಕಿದವನು ಸೋದರಮಾವ, ಆ ಊರಿನ ಬಾವಿ ತೋಡುವವನು. ಅವಳು ಎಂಟು ವರ್ಷದವಳಿದ್ದಾಗ ಒಂದು ದಿನ ಹೊಸ ಬಾವಿಯ ಬಾಯಲ್ಲಿ ಕೂತಿದ್ದಳು. ಮಾವ ಮೈಯೆಲ್ಲ ಕೆಸರಾಗಿ ಮೇಲೆ ಬಂದ. ಎರಡು ಕೈಯಲ್ಲೂ ಹಗ್ಗ ಹಿಡಿದಿದ್ದರಿಂದ ಬಾಯಲ್ಲಿ ಏನನ್ನೋ ಕಚ್ಚಿಕೊಂಡಿದ್ದ. ಅವಳ ಅಂಗೈ ಹಿಡಿದು ಅದನ್ನು ಉಗುಳಿದ. ಬಾವಿಯ ತಳದ ಬಂಡೆಯಿಂದ ತಾನೇ ಉಳಿಯಲ್ಲಿ ಬಿಡಿಸಿದ ಕೆಂಪು ಕಲ್ಲು. ಅದರ ಒಳಗೆ ಜೇನುನೊಣದ ರೆಕ್ಕೆಯಂಥ ಬಿಳಿ ಮಸುಕು ಇತ್ತು. ಅದನ್ನೇ ಅವನು ತನ್ನ ಬಾಗಿಲಿಗೆ ಇಟ್ಟ. ಅದು ಬೆಳಕಿನ ಮನೆಗೆ ಬಂದಾಗಲೆಲ್ಲ ನಾಲ್ಕು ಏಟು ಬಿದ್ದಿದ್ದವು. ಎರಡು ಸಲ ಅವಳ ಕೈಯಲ್ಲೇ ಬಿದ್ದಿದ್ದವು.

ಆ ವರ್ಷ ಮಾವನ ಮನೆಯ ಸರದಿ ಬಂತು. ಅದಕ್ಕೆ ಎರಡು ದಿನ ಮುಂಚೆ, ಆರು ತಿಂಗಳ ಬಸುರಿಯಾಗಿದ್ದ ಮಾವನ ಮಗಳು ಬಾಗಿಲವಾಡ ತೊಳೆಯುವಾಗ ಕಲ್ಲು ಕೈಜಾರಿ ಚಪ್ಪಡಿಯ ಮೇಲೆ ಬಿತ್ತು. ಒಂದು ಮೂಲೆಯಿಂದ ಹೊಟ್ಟಿನಷ್ಟು ಚೂರು ಎದ್ದುಹೋಯಿತು. "ಚೂರು ಹೋದರೇನು, ಕಲ್ಲು ಕಲ್ಲೇ ಅಲ್ಲವೇನೆ," ಎಂದು ಮಾವ ಮಗಳನ್ನು ಸಮಾಧಾನ ಮಾಡಿದ. ಮೂರು ಜನವೂ, ಮಾವ, ಮಗಳು, ಅಳಿಯ, ಮಡಿ ಬಟ್ಟೆ ಉಟ್ಟು ಕಲ್ಲು ತಂದರು.

ನೋಡುವಾಕೆ ಮೊದಲು ಅದನ್ನು ನೀರಿನ ಬಟ್ಟಲಿಗೆ ಬಿಟ್ಟು ಅಡ್ಡದಿಂದ ನೋಡಿದಳು. ಅಂಟಿಸಿದ ಗೆರೆ ಇರಲಿಲ್ಲ. ಜೇನಿನ ರೆಕ್ಕೆ ಇದ್ದ ಜಾಗದಲ್ಲೇ ಇತ್ತು. ಮನಸ್ಸು ನಿರಾಳವಾಯಿತು. ಇಕ್ಕುಳಕ್ಕೆ ಕೊಟ್ಟಳು. ಮುಕ್ಕಾದ ಕಡೆ ಕೆಳಗಾಗಿ ಕಲ್ಲು ಕೊಂಚ ವಾಲಿ ಕೂತಿತು. ಬಿಲ್ಲೆಗಳ ನಡುವೆ ಹಿಡಿದಳು. ತಿರುಗಿಸಿದಳು.

ಗೋಡೆ ಕಪ್ಪಾಗಿತ್ತು.

ಕಾಲು ಸುತ್ತು. ಅರ್ಧ ಸುತ್ತು. ಗೋಡೆ ಕಪ್ಪಾಗಿಯೇ ಇತ್ತು. ಜಾಗಟೆಯವನ ಕೋಲು ಎತ್ತಿದಲ್ಲೇ ನಿಂತಿತ್ತು. ಪೂರ್ತಿ ಸುತ್ತು ಮುಗಿಯಿತು. ಹೊರಗೆ ಕೆಮ್ಮುತ್ತಿದ್ದವನೊಬ್ಬ ಕೆಮ್ಮು ನಿಲ್ಲಿಸಿದ.

"ಇನ್ನೊಂದು ಸಲ ತಿರುಗಿಸಮ್ಮಾ," ಮಾವ ಮೆಲ್ಲಗೆ ಅಂದ.

ತಿರುಗಿಸಿದಳು. ಕಪ್ಪು.

"ಬದಲಾಯಿಸಿದ್ದಾರೆ," ಹಿಂದಿನಿಂದ ಯಾರೋ ಅಂದರು. "ನಿಜದ್ದನ್ನ ಎಲ್ಲೋ ಕೊಟ್ಟು ಗಾಜು ತಂದಿಟ್ಟಿದ್ದಾರೆ."

"ಅಯ್ಯೋ, ಇಲ್ಲ," ಎಂದಳು ಮಾವನ ಮಗಳು. "ಬಿದ್ದು ಮುಕ್ಕಾಯ್ತು, ಅಷ್ಟೇ. ಬೇರೇನೂ ಮಾಡಿಲ್ಲ ನಾವು. ಅಕ್ಕಾ, ನೀನಾದರೂ ಹೇಳೇ."

ಜಾಗಟೆಯವನು ಕೋಲು ಇಳಿಸಿದ. "ನೋಡುವಾಕೆ ಹೇಳಬೇಕು," ಎಂದ.

ಅವಳಿಗೆ ಗೊತ್ತಿತ್ತು, ಆ ಕಲ್ಲು ಮಣ್ಣಿನದು. ಅದರ ತಣ್ಣಗಿನ ಕೆಸರು ಅವಳ ಅಂಗೈಗೆ ತಾಗಿತ್ತು. ಆದರೆ ಗೋಡೆ ಕಪ್ಪಾಗಿದ್ದುದನ್ನು ಎಲ್ಲರೂ ಕಂಡಿದ್ದರು. ಗಾಜಲ್ಲ ಎಂದರೆ ಮಾವನಿಗಾಗಿ ಸುಳ್ಳು ಹೇಳಿದಳೆನ್ನುತ್ತಾರೆ. ಹೆಬ್ಬಾಗಿಲು ತನಗೂ ತೆರೆಯುತ್ತದೆ. ಆ ಬಿಳಿ ಬಯಲು ಕಣ್ಣ ಮುಂದೆ ಬಂತು. ಅವಳ ನಾಲಿಗೆ ಅವಳನ್ನು ಕೇಳದೆಯೇ ಹೊರಳಿತು.

"ಕಪ್ಪು."

ಮಗಳು ನಿಂತಲ್ಲೇ ಕುಸಿದಳು. ಗಂಡ ರಟ್ಟೆ ಹಿಡಿದು ಎತ್ತಿದ. ಮಾವ ಕೂಗಲಿಲ್ಲ, ಬೈಯಲಿಲ್ಲ. ಹತ್ತಿರ ಬಂದು ಅವಳಿಗೊಬ್ಬಳಿಗೇ ಕೇಳಿಸುವ ಹಾಗೆ ಹೇಳಿದ: "ನಿನ್ನ ಅಂಗೈಗೇ ಉಗುಳಿದ್ದೆನಲ್ಲೇ, ಮಗಳೇ."

ಅವಳು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಅವರು ಹೋದ ಸದ್ದು ಕೇಳಿಸಿತು. ಅವರ ಹಿಂದೆ ಊರು ಹೋದ ಸದ್ದೂ ಕೇಳಿಸಿತು. ಮನೆ ಬರಿದಾಯಿತು.

ಕಪ್ಪೆಂದ ಕಲ್ಲುಗಳನ್ನು ಹಾಕಲು ಜಗಲಿಯ ಕೆಳಗೆ ಒಂದು ಗಡಿಗೆ ಇತ್ತು. ಅವಳು ಅದರ ಮುಂದೆ ಕೂತಳು. ಬೆರಳು ಕಲ್ಲನ್ನು ಬಿಡಲೊಲ್ಲದು. ಆಗ ಒಳಕೋಣೆಯಿಂದ ಹಿಂದಿನ ನೋಡುವವನ ದನಿ ಬಂತು. ಕಣ್ಣು ಹೋದ ಮೇಲೆ ಆ ಮುದುಕ ಅಲ್ಲೇ ಚಾಪೆ ಹಾಸಿಕೊಂಡು ಇರುತ್ತಿದ್ದ. ಅವಳು ಅವನನ್ನು ತಾತ ಎನ್ನುತ್ತಿದ್ದಳು.

"ಏಟು ಬೀಳಲಿಲ್ಲ. ಯಾರ ಮನೆ?"

"ಮಾವನ ಮನೆ, ತಾತ."

ಮುದುಕ ಚಾಪೆಯ ಮೇಲೆ ಎದ್ದು ಕೂತ. ಆಮೇಲೆ ಕೇಳಿದ: "ಇಕ್ಕುಳದಲ್ಲಿ ಕಲ್ಲು ಹೇಗೆ ಕೂತಿತ್ತು?"

"ಮುಕ್ಕಾಗಿದೆ. ಮುಕ್ಕು ಕೆಳಗಾಗಿ, ಸ್ವಲ್ಪ ವಾಲಿಕೊಂಡು."

"ಮಗ್ಗುಲು ಬದಲಿಸಿ ನೋಡು."

"ಒಂದೇ ಸಲ ಕಚ್ಚಿಸಬೇಕು, ಮಗ್ಗುಲು ಬದಲಿಸಬಾರದು ಅಂತ ನೀವೇ ಕಲಿಸಿದ್ದು."

"ಕಲಿಸಿದ್ದೆ. ಈಗ ಬದಲಿಸು. ಬಿಸಿಲು ಸರಿದುಹೋಗುತ್ತೆ, ಬೇಗ."

ಬಿಸಿಲಿನ ಕೋಲು ಆಗಲೇ ಒಂದು ಗೇಣು ಸರಿದಿತ್ತು. ಕನ್ನಡಿಯನ್ನು ಅದರ ಹಿಂದೆ ಎಳೆದಳು. ಕಲ್ಲನ್ನು ಅಡ್ಡ ಮಲಗಿಸಿ ಕಚ್ಚಿಸಿದಳು. ತಿರುಗಿಸಿದಳು. ಗೋಡೆಯ ಮೇಲೆ ಕೆಂಪು ಚುಕ್ಕೆ ಬಂತು. ಹೋಯಿತು. ಬಂತು. ಹೋಯಿತು. ಬಂತು. ಹೋಯಿತು. ಬಂತು. ಜಾಗಟೆ ಇಲ್ಲದ ಆ ಮನೆಯಲ್ಲಿ ನಾಲ್ಕು ಮಿನುಗು ಸದ್ದಿಲ್ಲದೆ ಬಂದು ಹೋದವು.

"ತಾತಾ, ಮಿನುಗ್ತಾ ಇದೆ."

"ಗೊತ್ತು. ಮಣ್ಣಿನ ಕಲ್ಲಿನೊಳಗೆ ಒಂದು ದಾರಿ ಇರುತ್ತೆ, ಮಗಳೇ. ಆ ದಾರಿಗುಂಟ ಹೋದ ಬೆಳಕಿಗೆ ಕಲ್ಲೂ ಒಂದೇ, ಗಾಜೂ ಒಂದೇ. ಕಪ್ಪಾಗೇ ಕಾಣಿಸುತ್ತೆ. ಕಲ್ಲು ಹೇಗೆ ಕೂತಿತು ಅನ್ನೋದರ ಮೇಲಿದೆ."

"ನಿಮಗೆ ಯಾವಾಗಿಂದ ಗೊತ್ತು?"

"ನಾನು ಈ ಕೆಲಸಕ್ಕೆ ಬಂದ ಎರಡನೇ ವರ್ಷದಿಂದ."

"ಹಾಗಿದ್ದರೆ ಯಾಕೆ ಹೇಳಲಿಲ್ಲ?" ಅವಳ ದನಿ ಏರಿತು. "ನನಗಾದರೂ ಯಾಕೆ ಹೇಳಲಿಲ್ಲ?"

"ಮೊದಲನೇ ವರ್ಷ ಮೂರು ಮನೆ ಕಳಿಸಿದ್ದೆ," ಎಂದ ಮುದುಕ.

ಅವಳು ಗಡಿಗೆಯನ್ನು ನೋಡಿದಳು. ಅದರೊಳಗಿನ ಒಂದೊಂದು ಕಲ್ಲಿನ ಹಿಂದೆಯೂ ಒಂದು ಮನೆಯ ಮುಖಗಳಿದ್ದವು. ಆ ಮುಖಗಳೆಲ್ಲ ಒಟ್ಟಿಗೆ ತನ್ನ ಕಡೆ ತಿರುಗಿದಂತಾಯಿತು. ಹತ್ತೊಂಬತ್ತು ವರ್ಷ ಎಷ್ಟು ಸಲ ಆ ಮಾತು ಆಡಿದ್ದಳೋ, ಅಷ್ಟೂ ಸಲ ಅವಳದೇ ದನಿ ಕಿವಿಯಲ್ಲಿ ಮೊಳಗಿತು.

"ಇನ್ನೊಂದು ಕೇಳು," ಮುದುಕ ಹೇಳುತ್ತಲೇ ಇದ್ದ. ಒಮ್ಮೆ ಬಾಯಿಬಿಟ್ಟ ಮೇಲೆ ಅವನಿಂದ ನಿಲ್ಲಿಸಲಾಗಲಿಲ್ಲ. "ಚೆನ್ನಾಗಿ ಬೇಯಿಸಿದ ಕುಲುಮೆಯ ಕಲ್ಲೂ ಮಿನುಗುತ್ತೆ. ಒಳಗೆ ದುಂಡನೆ ಗುಳ್ಳೆ ಇರುತ್ತೆ, ಸಣ್ಣದು, ಸಾಸಿವೆಗಿಂತ ಸಣ್ಣದು. ಅಂಥವು ಈ ಊರಲ್ಲಿ ಎಷ್ಟೋ ಬಾಗಿಲ ಮೇಲಿವೆ. ನಾನೇ ನಾಲ್ಕು ಏಟು ಹೊಡೆಸಿದೀನಿ. ಆ ಮನೆಯವರೆಲ್ಲ ಮೊಮ್ಮಕ್ಕಳ ಜೊತೆ ಸುಖವಾಗಿದ್ದಾರೆ. ಯಾವ ಬೇನೆಯೂ ಬರಲಿಲ್ಲ."

ಅವಳು ಎದ್ದಳು. ಯಾರೂ ಯಾವತ್ತೂ ಕದಲಿಸದ ಕಪ್ಪು ಬಿಲ್ಲೆಗಳನ್ನು ಅವುಗಳ ಚೌಕಟ್ಟಿನಿಂದ ಕಿತ್ತಳು. ಕನ್ನಡಿ, ಇಕ್ಕುಳ, ಮಾವನ ಕಲ್ಲು ತೆಗೆದುಕೊಂಡಳು. ಗೋಡೆಯ ಗೂಡಿನಲ್ಲಿ ಮೂಲದ ಕಲ್ಲು ಇತ್ತು, ಊರು ಕಟ್ಟಿದವರು ಮೊದಲ ಬಾಗಿಲಿಗೆ ಇಟ್ಟದ್ದು. ಬಿಲ್ಲೆಗಳು ಸರಿಯಾಗಿವೆಯೇ ಎಂದು ಪ್ರತಿ ದಿನ ಅದನ್ನೇ ಮೊದಲು ತಿರುಗಿಸುತ್ತಿದ್ದರು. ಅದನ್ನೂ ಮಡಿಲಿಗೆ ಹಾಕಿಕೊಂಡಳು.

"ಹೋಗಬೇಡ," ಮುದುಕ ಅಂದ. "ಭಯ ಆಗ್ತಿಲ್ವಾ ನಿನಗೆ?"

"ಆಗ್ತಿದೆ," ಎನ್ನುತ್ತ ಅವಳು ಬಿಸಿಲಿಗೆ ಬಂದಳು.

ಹೆಬ್ಬಾಗಿಲ ನೆರಳು ಊರಬಾವಿಗೆ ಎರಡು ಮಾರು ದೂರದಲ್ಲಿತ್ತು. ಊರೆಲ್ಲ ಎರಡು ಕಡೆ ಸಾಲಾಗಿ ನಿಂತಿತ್ತು. ನಡುವೆ ಮಾವ, ಮಗಳು, ಅಳಿಯ. ಕದ ತೆರೆದಿತ್ತು. ಅದರಾಚೆ ಬಯಲು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು, ಅಲ್ಲಿ ಒಂದು ಗಿಡ ಕೂಡ ಇರಲಿಲ್ಲ.

"ನಿಲ್ಲಿಸಿ!" ಎಂದು ಕೂಗಿದಳು. "ಕಲ್ಲು ನಿಜದ್ದು. ತಪ್ಪು ನನ್ನದು."

ಜಾಗಟೆಯವನು ಅಡ್ಡ ಬಂದ. "ಬೆಳಕಿನ ಮನೆಯಲ್ಲಿ ಆಡಿದ ಮಾತು ಆಡಿದ ಹಾಗೆ. ವಾಪಸು ತಗೊಳ್ಳೋ ಹಾಗಿಲ್ಲ."

"ಮಾತು ಬೇಡ, ಕಣ್ಣಿಂದ ನೋಡಿ."

ನೆರಳಿನ ಆಚೆ ಕನ್ನಡಿ ಇಟ್ಟು ಬಿಸಿಲನ್ನು ನೆರಳಿನೊಳಗೆ ತಿರುಗಿಸಿದಳು. ಹೆಬ್ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಬೆಳಕು ಬಿತ್ತು. ಅಳಿಯನನ್ನು ಕರೆದು ಬಿಲ್ಲೆಗಳನ್ನು ಅಡ್ಡಡ್ಡ ಹಿಡಿಸಿದಳು. ಬೆಳಕು ಆರಿತು. ನಡುವೆ ಮಾವನ ಕಲ್ಲನ್ನು ಮಗ್ಗುಲಾಗಿ ಹಿಡಿದು ತಿರುಗಿಸಿದಳು. ಕೆಂಪು ಚುಕ್ಕೆ ಬಂದು ಹೋಯಿತು.

ಗುಂಪಿನಲ್ಲಿ ಯಾರೋ ಹೆಂಗಸು ತನಗೇ ತಿಳಿಯದಂತೆ "ಒಂದು" ಎಂದಳು. ಎರಡನೆಯದಕ್ಕೆ ಹತ್ತು ಜನ ಅಂದರು. ನಾಲ್ಕಕ್ಕೆ ಯಾರೂ ಬಾಯಿ ಬಿಡಲಿಲ್ಲ.

"ಮೋಸ!" ಒಬ್ಬ ಕೂಗಿದ. "ಸಾಕಿದ ಮಾವ ಅಂತ ಏನೋ ಕಣ್ಕಟ್ಟು ಮಾಡ್ತಿದ್ದಾಳೆ."

ಅವಳು ಮಡಿಲಿಗೆ ಕೈ ಹಾಕಿದಳು. ಮೂಲದ ಕಲ್ಲನ್ನು ಎತ್ತಿ ತೋರಿಸಿದಳು. ಅದನ್ನು ಗುರುತಿಸದವರು ಅಲ್ಲಿರಲಿಲ್ಲ. ಎಂದಿನಂತೆ ಕಚ್ಚಿಸಿ ತಿರುಗಿಸಿದಳು. ನಾಲ್ಕು ಸಲ ಮಿನುಗಿತು. ಆಮೇಲೆ ಬೆರಳಿನಿಂದ ಅದನ್ನು ಕೊಂಚ ಕೊಂಚವೇ ವಾಲಿಸುತ್ತ ಹೋದಳು. ಚುಕ್ಕೆ ಮಂಕಾಯಿತು. ಇನ್ನಷ್ಟು ವಾಲಿಸಿದಳು. ಗೋಡೆ ಕಪ್ಪಾಯಿತು. ಒಂದು ಸುತ್ತು ತಿರುಗಿಸಿದಳು. ಮೂಲದ ಕಲ್ಲು ಒಂದು ಸಲವೂ ಮಿನುಗಲಿಲ್ಲ.

ಕದದ ಕೀಲು ಗಾಳಿಗೆ ಕಿರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಒಬ್ಬ ಅಜ್ಜಿ ಮುಂದೆ ಬಂದಳು. "ಹಾಗಾದ್ರೆ ಯಾವ ಕಲ್ಲನ್ನ ಬೇಕಾದರೂ ನೀನು ಕಪ್ಪು ಮಾಡಬಹುದು ಅಂತಾಯ್ತು."

"ಹೌದವ್ವಾ, ಮಾಡಬಹುದು."

"ನಂದನ್ನೂ?"

"ನಿಮ್ಮದನ್ನೂ. ನನ್ನದನ್ನೂ."

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿನವರೂ ಸರಿದರು. ತಮ್ಮನ್ನು ಇಷ್ಟು ವರ್ಷ ಕಾಯುತ್ತಿದೆ ಎಂದುಕೊಂಡದ್ದು ತಮ್ಮ ಕತ್ತಿನ ಮೇಲೆಯೇ ತೂಗುತ್ತಿತ್ತು ಎಂದು ಆಗ ಅವರಿಗೆ ಹೊಳೆಯಿತು. ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡಿದರು. ಬೀದಿಯಲ್ಲಿ ಯಾರ ಮನೆಯವರು ಯಾವ ವರ್ಷ ಹೋದರು ಎಂಬುದು ಎಲ್ಲರಿಗೂ ನೆನಪಿತ್ತು. ಹೋದವರ ಅಂಗಳದಲ್ಲಿ ಯಾರ ಎಮ್ಮೆ ಕಟ್ಟಿದೆ ಎಂಬುದೂ ನೆನಪಿತ್ತು.

ಜಾಗಟೆಯವನು ಅವಳ ಬಳಿಗೆ ಬಂದ. ಕೋಲು ಕೈಯಿಂದ ಬಿದ್ದಿತ್ತು. ಅವಳು ನೋಡುವಾಕೆಯಾದ ಮೊದಲ ವರ್ಷ ಮೊದಲು ಕಪ್ಪೆಂದದ್ದು ಅವನ ಒಡಹುಟ್ಟಿದ ತಮ್ಮನ ಮನೆಯನ್ನು. ಅಂದು ಜಾಗಟೆ ಬಡಿಯದೆ ನಿಂತದ್ದು ಇದೇ ಕೈ.

"ನನ್ನ ತಮ್ಮನ ಕಲ್ಲು?" ಪಿಸುಗುಟ್ಟಿದ.

"ಗಡಿಗೆಯಲ್ಲಿದೆ ಅಣ್ಣ. ನಾನಿನ್ನೂ ನೋಡಿಲ್ಲ. ನೋಡಬೇಕು."

"ನೋಡಬೇಡ," ಎಂದ. ಮತ್ತೆ ಅಂದ, "ನೋಡಬೇಡ ತಾಯಿ."

ಹೆಬ್ಬಾಗಿಲ ಕಡೆ ತಿರುಗಿ, "ಕದ ಹಾಕಿ," ಎಂದು ಕೂಗಿದ. ಮಾವ, ಮಗಳು, ಅಳಿಯ ಇನ್ನೂ ಒಳಗೇ ಇದ್ದರು. ಅವರನ್ನು ಯಾರೂ ಹೊರಗೆ ದೂಡಲಿಲ್ಲ, ಯಾರೂ ಒಳಗೆ ಬನ್ನಿ ಎನ್ನಲೂ ಇಲ್ಲ. ನೆರಳು ಬಾವಿಯ ಕಟ್ಟೆ ಮುಟ್ಟಿ, ಹತ್ತಿ, ಆಚೆ ಇಳಿಯಿತು. ಆಗ ಅಲ್ಲಿ ಆ ನಾಲ್ವರ ಹೊರತು ಒಬ್ಬರೂ ಇರಲಿಲ್ಲ.

ಆ ದಿನದಿಂದ ಜಾಗಟೆ ಕೇಳಿಸಲಿಲ್ಲ. ಮಾವನ ಮನೆ ಉಳಿಯಿತು. ಆದರೆ ಊರಿಗೆ ನೆಮ್ಮದಿ ಬರಲಿಲ್ಲ. ಜನ ಹಾಡುಹಗಲೇ ಏಣಿ ಹಾಕಿ ಬಾಗಿಲ ಮೇಲಿನ ಕಲ್ಲುಗಳನ್ನು ಕಿತ್ತು ಒಳಗೆ ಬಚ್ಚಿಟ್ಟರು. "ಮಿನುಗಲಿ" ಎಂದು ಯಾರೂ ಅನ್ನಲಿಲ್ಲ, ಅದರ ಬದಲಿಗೆ ಏನನ್ನಬೇಕೆಂದು ತಿಳಿಯದೆ ಸುಮ್ಮನೆ ಹಾದುಹೋದರು. ನೋಡುವಾಕೆ ಎದುರು ಬಂದರೆ ಅಂಗಡಿಯ ಕದಗಳು ಮುಚ್ಚುತ್ತಿದ್ದವು.

ಅವಳು ಮೂರು ದಿನ ನಡುಹಗಲಲ್ಲಿ ಒಬ್ಬಳೇ ಕೂತು ಗಡಿಗೆಯ ಕಲ್ಲುಗಳನ್ನು ನೋಡಿದಳು. ಪ್ರತಿಯೊಂದನ್ನೂ ಮೂರು ಮಗ್ಗುಲಿನಿಂದ ನೋಡಿದಳು. ಇಪ್ಪತ್ತಮೂರು ಕಲ್ಲುಗಳು. ನಾಲ್ಕು ಯಾವ ಕಡೆಯಿಂದಲೂ ಮಿನುಗಲಿಲ್ಲ, ಅವು ಗಾಜು. ಹತ್ತೊಂಬತ್ತು ಮಿನುಗಿದವು. ಒಂದೊಂದು ಮಿನುಗಿದಾಗಲೂ, ಇದಾದರೂ ಗಾಜಾಗಿರಬಾರದಿತ್ತೇ ಎಂದು ಅವಳು ಅಂದುಕೊಳ್ಳುತ್ತಿದ್ದಳು. ಜಾಗಟೆಯವನ ತಮ್ಮನದು ಎಲ್ಲಕ್ಕಿಂತ ಚೆನ್ನಾಗಿ ಮಿನುಗಿತು.

ಮುದುಕ ಒಳಗಿನಿಂದ ಏನೂ ಕೇಳಲಿಲ್ಲ. ಮೂರನೆಯ ದಿನ ಅವನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವನು ಆ ಮೇಲೆ ಮಾತಾಡಲೇ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಗಡಿಗೆಯನ್ನು ಸೊಂಟಕ್ಕೆ ಏರಿಸಿದಳು. ನಾಲ್ಕು ಗಾಜನ್ನೂ ಅದರಲ್ಲೇ ಬಿಟ್ಟಿದ್ದಳು. ಮಾವ ಹೆಬ್ಬಾಗಿಲ ತನಕ ಬಂದ.

"ಬದುಕಿದ್ದರೆ ನಿನ್ನನ್ನ ಸುಮ್ಮನೆ ಬಿಡ್ತಾರೇನೆ?" ಎಂದ. "ಸತ್ತುಹೋಗಿದ್ದರೆ ಯಾರಿಗೆ ಕೊಡ್ತೀಯ?"

"ಎರಡರಲ್ಲಿ ಯಾವುದೂ ಗೊತ್ತಿಲ್ಲವಲ್ಲ, ಮಾವ. ಗೊತ್ತಿಲ್ಲದೆ ಇನ್ನು ಒಂದು ದಿನವೂ ಇರೋಕಾಗಲ್ಲ."

ಮಾವ ತನ್ನ ತಲೆಯ ವಸ್ತ್ರ ಬಿಚ್ಚಿ ಅವಳ ತಲೆಗೆ ಸುತ್ತಿದ. ನೀರಿನ ತಂಬಿಗೆ ಕೊಟ್ಟ. ಅವಳನ್ನು ಕ್ಷಮಿಸಿದೆನೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಬಯಲು ಹೆಜ್ಜೆಯ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಊರು ಕರಗಿತು. ಮುಂದೆಯೂ ಬಿಳುಪು, ಹಿಂದೆಯೂ ಬಿಳುಪು. ಒಂದು ಕಡೆ ಉಪ್ಪು ಹತ್ತಿ ಕಲ್ಲಾದ ಚಪ್ಪಲಿ ಸಿಕ್ಕಿತು. ಇನ್ನೊಂದು ಕಡೆ ಬಿದಿರಿನ ಬುಟ್ಟಿ, ಕೂಸನ್ನು ಮಲಗಿಸುವಂಥದು. ಅದನ್ನು ದಾಟಲು ಕಾಲು ಬರಲಿಲ್ಲ. ಬಳಸಿಕೊಂಡು ಹೋದಳು. ಗಡಿಗೆಯೊಳಗೆ ಕಲ್ಲುಗಳು ಹೆಜ್ಜೆಗೊಮ್ಮೆ ಕುಲುಕಿ ಸದ್ದು ಮಾಡುತ್ತಿದ್ದವು. ಹಿಂದೆ ಯಾರೋ ಹಲ್ಲು ಕಡಿಯುತ್ತ ಬರುತ್ತಿರುವಂತೆ ಅನ್ನಿಸಿ ಅವಳು ಎಷ್ಟೋ ಸಲ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಹೊತ್ತು ಇಳಿಯುವ ಮೊದಲು ಬಯಲು ಮುಗಿಯಿತು. ಕೆಂಪು ದಿಬ್ಬದ ಮಗ್ಗುಲಿಗೆ ಒಂದಷ್ಟು ಗುಡಿಸಲುಗಳು ಕಂಡವು. ನಾಲ್ಕು ಕಂಬ, ಮೇಲೆ ಹುಲ್ಲು, ಸುತ್ತ ತಟ್ಟಿ. ಯಾವುದಕ್ಕೂ ಬಾಗಿಲವಾಡವಿರಲಿಲ್ಲ. ಬರುವ ಜಾಗವನ್ನು ಸುಮ್ಮನೆ ತೆರೆದು ಬಿಟ್ಟಿದ್ದರು.

ಮೊದಲ ಗುಡಿಸಲಿನ ಮುಂದೆ ಕೂದಲು ನರೆತ ಹೆಂಗಸೊಬ್ಬಳು ಕಾಳು ಕೇರುತ್ತಿದ್ದಳು. ಮೊರ ನಿಲ್ಲಿಸಿ ನೋಡಿದಳು. ಗುರುತು ಹಿಡಿದಳು. ಜಾಗಟೆಯವನ ತಮ್ಮನ ಹೆಂಡತಿ. ನೋಡುವಾಕೆಯ ಕಾಲು ಅಲ್ಲಿಗೇ ಹೂತಿತು. ಊರಿನಲ್ಲಿ ತಾಳಿದ ಭಯ, ಬಯಲಿನಲ್ಲಿ ತಾಳಿದ ಭಯ, ಎರಡೂ ಇದರ ಮುಂದೆ ಏನೇನೂ ಅಲ್ಲ ಅನ್ನಿಸಿತು.

ಹೆಂಗಸು ಕೂಗು ಹಾಕಲಿಲ್ಲ. ಆದರೂ ಸುದ್ದಿ ಹೇಗೋ ಹರಡಿತು. ಗುಡಿಸಲುಗಳಿಂದ ಜನ ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಹೋಗುವಾಗ ಮಕ್ಕಳಾಗಿದ್ದವರು ಗಡ್ಡ ಬಿಟ್ಟು ನಿಂತಿದ್ದರು. ಬರಬೇಕಾದ ಎಷ್ಟೋ ಮುಖಗಳು ಬರಲಿಲ್ಲ.

ನೋಡುವಾಕೆ ಗಡಿಗೆ ಇಳಿಸಿದಳು. "ನಿಮ್ಮ ಕಲ್ಲುಗಳು," ಎಂದಳು. "ನಾನು ಒಂದೇ ಮಗ್ಗುಲಿಂದ ನೋಡಿದೆ. ಸರಿಯಾಗಿ ನೋಡಿದರೆ ಮಿನುಗ್ತವೆ. ತಂದಿದೀನಿ."

ಒಬ್ಬ ಮುದುಕ, ಗಾಣದವನು, ಮುಂದೆ ಬಂದು ಗಡಿಗೆಯಲ್ಲಿ ಬೆರಳಾಡಿಸಿ ತನ್ನದನ್ನು ಹುಡುಕಿ ತೆಗೆದ. "ಇದೂ ಮಿನುಗ್ತದಾ?"

ಹೌದು ಎನ್ನಬಹುದಿತ್ತು. "ಇಲ್ಲ ಅಪ್ಪಾ. ನಿಮ್ಮದು ಗಾಜು."

ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. "ಇರಲಿ ಬಿಡು," ಎಂದ. "ನಮ್ಮವ್ವ ಇಟ್ಟಿದ್ದು." ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಸರಿದು ನಿಂತ.

ಜಾಗಟೆಯವನ ತಮ್ಮನ ಹೆಂಡತಿ ಎದ್ದಳು. ತನ್ನ ಕಲ್ಲನ್ನು ಅವಳು ಮುಟ್ಟಲಿಲ್ಲ. "ನಮ್ಮ ಭಾವನವರಿಗೆ ಗೊತ್ತಾಯ್ತಾ, ನಮ್ಮದು ನಿಜದ್ದು ಅಂತ?"

"ನೋಡಬೇಡ ಅಂದರು."

"ಅನ್ನುತ್ತಾರೆ," ಎಂದಳು ಅವಳು, ಆಶ್ಚರ್ಯವಿಲ್ಲದೆ. "ಬಾ, ಇವರಿಗೆ ಹೇಳು."

ಗುಡಿಸಲಿನ ಹಿಂದೆ ದಿಬ್ಬದ ಬುಡದಲ್ಲಿ ಮಣ್ಣಿನ ಗುಪ್ಪೆಗಳು ಸಾಲಾಗಿದ್ದವು. ಕೆಲವು ಉದ್ದ, ಕೆಲವು ತೀರ ಚಿಕ್ಕವು. ಒಂದರ ಮುಂದೆ ಅವಳು ನಿಂತಳು.

"ಇಲ್ಲಿಗೆ ಬಂದ ಮೇಲೂ ಎಂಟು ವರ್ಷ ಇದ್ದರು. ಒಂದು ದಿನವೂ ತಲೆ ಎತ್ತಿ ಮಾತಾಡಲಿಲ್ಲ. ನಮ್ಮಪ್ಪ ಮೋಸದ ಕಲ್ಲು ಇಟ್ಟಿದ್ದ, ನಾನು ಮೋಸಗಾರನ ಮಗ, ಅಂತ ಅಂದುಕೊಂಡೇ ಹೋದರು. ಹೇಳು ಅವರಿಗೆ."

ನೋಡುವಾಕೆ ಆ ಮಣ್ಣನ್ನು ನೋಡಿದಳು. ಮೆಲ್ಲಗೆ ಹೇಳಿದಳು.

"ನಿಮ್ಮ ಕಲ್ಲು ನಿಜದ್ದು. ನಾನು ತಪ್ಪಾಗಿ ನೋಡಿದೆ."

"ಕೇಳಿಸಲಿಲ್ಲ," ಎಂದಳು ಹೆಂಗಸು.

"ನಿಮ್ಮ ಕಲ್ಲು ನಿಜದ್ದು. ನಾನು ತಪ್ಪಾಗಿ ನೋಡಿದೆ."

"ಇನ್ನೂ ಗಟ್ಟಿಯಾಗಿ. ಕಡೆಕಡೆಗೆ ಅವರಿಗೆ ಕಿವಿ ಮಂದವಾಗಿತ್ತು."

ಅವಳು ಎದೆ ಒಡೆಯುವಂತೆ ಕೂಗಿದಳು. ದನಿ ದಿಬ್ಬಕ್ಕೆ ತಾಗಿ ಬಯಲಿನ ಮೇಲೆ ಬಹಳ ದೂರ ಹೋಯಿತು. ಹೆಂಗಸು ಆಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನೋಡುವಾಕೆ ತಿರುಗಿ ನೋಡಿದಳು. ಉಳಿದವರೆಲ್ಲ ತಮ್ಮ ತಮ್ಮವರ ಗುಪ್ಪೆಯ ಪಕ್ಕಕ್ಕೆ ಹೋಗಿ ನಿಂತು ಅವಳಿಗಾಗಿ ಕಾಯುತ್ತಿದ್ದರು.